ಪಹಣಿ, ಪೋಡಿ ಮತ್ತು ಕರ್ನಲ್‌ನ ಮೆಮೊರಿ ಮ್ಯಾಪಿಂಗ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ. ಅವುಗಳಲ್ಲಿ ಎರಡು ಚಿಕ್ಕಮಗಳೂರಿನ ಒಂದೇ ಮನೆಯಿಂದ ಬಂದಿವೆ. ತಂದೆ ಮತ್ತು ಮಗಳು ಒಬ್ಬರಿಗೊಬ್ಬರು ಹೇಳದೆ ಬೇರೆ ಬೇರೆಯಾಗಿ ಬರೆದಂತಿದೆ. ವಿಷಯ ಸ್ವಲ್ಪ ಆಳವಾದದ್ದು, ಆದ್ದರಿಂದ ಈ ಬಾರಿಯ ಪುಟಗಳನ್ನೆಲ್ಲ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಭೂಮಾಪಕನಾಗಿದ್ದು ನಿವೃತ್ತನಾದವನು. ಮಗಳು ಮನೆಯಲ್ಲೇ ಕುಳಿತು ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಾಳೆ. ಕಳೆದ ವಾರ ಬೇರೆ ಯಾರೋ ಬರೆದ ಅರವತ್ತು ಸಾಲುಗಳನ್ನು ಓದಿ ಒಪ್ಪಿಗೆ ಕೊಡುವುದಕ್ಕೆ ಮೂರು ದಿನ ತೆಗೆದುಕೊಂಡಳು. ಕೇಳಿದರೆ, ‘ಮೆಮೊರಿ ಮ್ಯಾಪಿಂಗ್ ಬದಲಾವಣೆ ಅಪ್ಪಾ, ಅವಸರ ಮಾಡುವ ಹಾಗಿಲ್ಲ’ ಎನ್ನುತ್ತಾಳೆ. ಬರೆದವರಿಗಿಂತ ಓದುವವರಿಗೆ ಹೆಚ್ಚು ಹೊತ್ತು ಹಿಡಿಯುವ ಈ ಕೆಲಸ ಎಂಥದ್ದು?
— ಒಬ್ಬ ಓದುಗರು, ಚಿಕ್ಕಮಗಳೂರು

ಉತ್ತರ: ತಮ್ಮ ಮಗಳ ಕೆಲಸವನ್ನು ತಮ್ಮಷ್ಟು ಬೇಗ ಅರ್ಥ ಮಾಡಿಕೊಳ್ಳಬಲ್ಲವರು ಕಡಿಮೆ, ಏಕೆಂದರೆ ತಾವು ಸೇವೆಯುದ್ದಕ್ಕೂ ಮಾಡಿದ್ದೂ ಅದೇ ಬಗೆಯ ಕೆಲಸವೇ. ಕಂಪ್ಯೂಟರಿನಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಮಿಗೂ ತನ್ನದೇ ಆದ ವಿಶಾಲವಾದ ಜಮೀನೊಂದಿದೆ ಎಂದು ಕರ್ನಲ್, ಎಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳು, ತೋರಿಸಿಕೊಡುತ್ತದೆ. ಆ ಜಮೀನಿನ ವಿಳಾಸಗಳು ಕಾಗದದ ಮೇಲಿನವು. ನಿಜವಾದ ನೆಲ, ಎಂದರೆ ಯಂತ್ರದೊಳಗಿನ ರ‍್ಯಾಮ್, ಬೇರೆಯೇ. ಕಾಗದದ ಯಾವ ವಿಳಾಸ ಯಾವ ನೆಲಕ್ಕೆ ಸೇರುತ್ತದೆ, ಅಲ್ಲಿ ಓದಲು ಮಾತ್ರ ಹಕ್ಕಿದೆಯೋ ಬರೆಯಲೂ ಇದೆಯೋ ಎಂಬುದನ್ನು ದಾಖಲಿಸುವ ಪುಸ್ತಕಕ್ಕೆ ಪೇಜ್ ಟೇಬಲ್ ಎಂದು ಹೆಸರು. ಅದನ್ನು ಪಹಣಿ ಎಂದುಕೊಳ್ಳಿ. ತಾವು ನೆಲವನ್ನು ಗುಂಟೆಯಲ್ಲಿ ಅಳೆದಂತೆ ಮೆಮೊರಿಯನ್ನು ಪೇಜುಗಳಲ್ಲಿ ಅಳೆಯುತ್ತಾರೆ. ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರುಗಳಲ್ಲಿ ಒಂದು ಪೇಜಿಗೆ 4,096 ಬೈಟುಗಳು. ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂದು ನಾಲ್ಕು ಹಂತ ಇಳಿದು ನಾವು ಒಂದು ತುಂಡು ಜಮೀನನ್ನು ಹುಡುಕುವ ಹಾಗೆಯೇ ಈ ಪುಸ್ತಕವೂ ಸಾಮಾನ್ಯವಾಗಿ ನಾಲ್ಕು ಹಂತಗಳಲ್ಲಿರುತ್ತದೆ. ಪ್ರತಿ ಹಂತದ ಪ್ರತಿ ಹಾಳೆಯಲ್ಲೂ 512 ನಮೂದುಗಳು.

ಪ್ರತಿ ಸಲವೂ ನಾಲ್ಕು ಹಂತ ಇಳಿಯುತ್ತ ಕುಳಿತರೆ ಯಂತ್ರದ ಕೆಲಸ ಸಾಗುವುದಿಲ್ಲ. ಅದಕ್ಕಾಗಿ ಪ್ರೊಸೆಸರಿನ ಪ್ರತಿಯೊಂದು ಕೋರ್ (ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಕೆಲಸ ಮಾಡುವ ಘಟಕ) ತಾನು ಇತ್ತೀಚೆಗೆ ನೋಡಿದ ನಮೂದುಗಳ ನಕಲನ್ನು ತನ್ನ ಬಳಿಯೇ ಇಟ್ಟುಕೊಂಡಿರುತ್ತದೆ. ಈ ನಕಲುಗಳ ಕಟ್ಟಿಗೆ ಟಿಎಲ್‌ಬಿ ಎನ್ನುತ್ತಾರೆ. ತೊಡಕು ಹುಟ್ಟುವುದು ಇಲ್ಲಿ. ಮೂಲ ಪುಸ್ತಕದಲ್ಲಿ ಒಬ್ಬರ ಹೆಸರನ್ನು ತೆಗೆದುಹಾಕಿದ ಮಾತ್ರಕ್ಕೆ ಅವರ ಕೈಯಲ್ಲಿರುವ ಹಳೆಯ ಪಹಣಿ ನಕಲು ತಾನಾಗಿ ಅಳಿಸಿಹೋಗುವುದಿಲ್ಲ. ಆ ನಕಲನ್ನು ವಾಪಸು ಪಡೆಯುವ ಮೊದಲೇ ಅದೇ ನೆಲವನ್ನು ಇನ್ನೊಬ್ಬರಿಗೆ ಮಂಜೂರು ಮಾಡಿದರೆ, ಎರಡು ಕುಟುಂಬಗಳು ಒಂದೇ ಗದ್ದೆಗೆ ನೇಗಿಲು ಹೂಡುತ್ತವೆ. ಕಂಪ್ಯೂಟರಿನಲ್ಲಿ ಇದರ ಅರ್ಥ, ಒಂದು ಪ್ರೋಗ್ರಾಮಿನ ಗುಟ್ಟಿನ ಮಾಹಿತಿ ಇನ್ನೊಂದು ಪ್ರೋಗ್ರಾಮಿನ ಕಣ್ಣಿಗೆ ಬೀಳುವುದು, ಅಥವಾ ಒಂದರ ಬರಹದ ಮೇಲೆ ಇನ್ನೊಂದು ಬರೆದುಬಿಡುವುದು.

ನಮೂದು ಹಾಕುವುದು, ತೆಗೆಯುವುದು, ಹಕ್ಕು ಬದಲಿಸುವುದು, ಈ ಮೂರು ಕೆಲಸಗಳನ್ನು ಕರ್ನಲ್‌ನ ಒಳಗಿನ ಒಂದು ಪುಟ್ಟ ಲೈಬ್ರರಿ ಮಾಡುತ್ತದೆ ಮತ್ತು ಕರ್ನಲ್‌ನ ಉಳಿದ ಭಾಗಗಳೆಲ್ಲ ಅದನ್ನೇ ನಂಬಿ ನಡೆಯುತ್ತವೆ. ಒಂದು ಹದ್ದುಬಸ್ತು ನಕ್ಷೆಯಲ್ಲಿ ಒಂದು ಗೆರೆ ತಪ್ಪಿದರೆ ಎಷ್ಟು ವರ್ಷಗಳ ವ್ಯಾಜ್ಯವಾಗುತ್ತದೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ಮಗಳು ಮೂರು ದಿನ ತೆಗೆದುಕೊಂಡದ್ದು ಸರಿಯಾಗಿಯೇ ಇದೆ.

ಪ್ರಶ್ನೆ: ನಮ್ಮ ತಂಡ ಚಿಕ್ಕ ಸಾಧನಗಳಿಗಾಗಿ ಸ್ವಂತ ಕರ್ನಲ್ ಒಂದನ್ನು ಬೆಳೆಸುತ್ತಿದೆ. ಅದರ ಮ್ಯಾಪಿಂಗ್ ಲೈಬ್ರರಿಯಲ್ಲಿ ಮ್ಯಾಪ್, ಅನ್‌ಮ್ಯಾಪ್ ಮತ್ತು ಹಕ್ಕು ಬದಲಿಸುವ ಮೂರು ಪ್ರತ್ಯೇಕ ಫಂಕ್ಷನ್‌ಗಳಿದ್ದವು. ಸಹೋದ್ಯೋಗಿಯೊಬ್ಬರು ಮೂರನ್ನೂ ಸೇರಿಸಿ, ವಿಳಾಸಗಳ ವ್ಯಾಪ್ತಿಯೊಂದರ ಮೇಲೆ ಪೇಜಿನಿಂದ ಪೇಜಿಗೆ ನಡೆಯುವ ಒಂದೇ ಫಂಕ್ಷನ್ ಮಾಡಿದ್ದಾರೆ. ಸುಮಾರು ಅರವತ್ತು ಸಾಲಿನ ಬದಲಾವಣೆ, ಪರೀಕ್ಷೆಗಳೆಲ್ಲ ಪಾಸಾಗಿವೆ. ನನ್ನ ಮನಸ್ಸಿಗೆ ಮಾತ್ರ ಸಮಾಧಾನವಿಲ್ಲ. ಇಂಥ ಬದಲಾವಣೆಯನ್ನು ಎಲ್ಲಿಂದ ಓದಲು ತೊಡಗಬೇಕು, ಏನನ್ನು ಹುಡುಕಬೇಕು?
— ಒಬ್ಬ ಓದುಗರು, ಚಿಕ್ಕಮಗಳೂರು

ಉತ್ತರ: ಬಿಚ್ಚುವ ದಾರಿಯಿಂದ, ಎಂದರೆ ನಮೂದನ್ನು ತೆಗೆಯುವ ಅನ್‌ಮ್ಯಾಪ್‌ನ ಕಡೆಯಿಂದ, ತೊಡಗಿ. ಬದಲಾವಣೆಯನ್ನು ಕಳಿಸಿದವರು ಕಟ್ಟುವ ದಾರಿಯನ್ನು ಹತ್ತಾರು ಸಲ ಓಡಿಸಿ ನೋಡಿರುತ್ತಾರೆ. ಅದು ಕೆಲಸ ಮಾಡದಿದ್ದರೆ ಯಂತ್ರ ಬೂಟ್ ಕೂಡ ಆಗುತ್ತಿರಲಿಲ್ಲ. ಅನ್‌ಮ್ಯಾಪ್ ಮಾಡುವಾಗ, ಅರ್ಧದಲ್ಲಿ ಸೋತು ಹಿಂದಿರುಗುವಾಗ, ಪ್ರೋಗ್ರಾಮ್ ಇದ್ದಕ್ಕಿದ್ದಂತೆ ಸತ್ತಾಗ ಏನಾಗುತ್ತದೆ ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ನೋಡಿರುವವರು ವಿರಳ. ಪರೀಕ್ಷೆಗಳು ಪಾಸಾಗಿವೆ ಎಂಬ ಮಾತಿಗೆ ಈ ಬಗೆಯ ಕೋಡಿನಲ್ಲಿ ತೂಕ ಕಡಿಮೆ ಇರುವುದೂ ಇದೇ ಕಾರಣಕ್ಕೆ: ತಪ್ಪು ಕಾಣಿಸಿಕೊಳ್ಳಬೇಕಾದರೆ ಎರಡನೆಯ ಕೋರ್ ಒಂದು ಸರಿಯಾದ ಕ್ಷಣದಲ್ಲಿ ಆ ಪೇಜನ್ನು ಮುಟ್ಟಬೇಕು, ಇಲ್ಲವೇ ಮೆಮೊರಿ ಆ ಕ್ಷಣಕ್ಕೆ ಮುಗಿದಿರಬೇಕು.

ಅನ್‌ಮ್ಯಾಪ್‌ನಲ್ಲಿ ಮೊದಲು ನೋಡಬೇಕಾದದ್ದು ಮೂರು ಹೆಜ್ಜೆಗಳ ಕ್ರಮ. ಪೇಜ್ ಟೇಬಲಿನ ನಮೂದನ್ನು ಅಳಿಸಬೇಕು. ಆಮೇಲೆ ಎಲ್ಲ ಕೋರ್‌ಗಳ ಟಿಎಲ್‌ಬಿಯಿಂದ ಹಳೆಯ ನಕಲನ್ನು ತೆಗೆಸಿ, ತೆಗೆದದ್ದಾಯಿತು ಎಂಬುದು ಖಚಿತವಾಗುವ ತನಕ ಕಾಯಬೇಕು. ಕೊನೆಗೆ ಮಾತ್ರ ಆ ಪೇಜನ್ನು ಖಾಲಿ ಪೇಜುಗಳ ರಾಶಿಗೆ ಮರಳಿಸಬೇಕು. ಮೂರು ಫಂಕ್ಷನ್‌ಗಳನ್ನು ಒಂದಾಗಿಸಿದಾಗ ಬಹಳ ಸುಲಭವಾಗಿ ಕೆಡುವುದು ಈ ಕ್ರಮವೇ, ಏಕೆಂದರೆ ಲೂಪಿನ ಒಳಗೆ ಪೇಜನ್ನು ಬಿಡುಗಡೆ ಮಾಡಿ, ಟಿಎಲ್‌ಬಿ ತೆರವನ್ನು ‘ವೇಗಕ್ಕಾಗಿ’ ಲೂಪಿನ ಹೊರಗೆ ಒಂದೇ ಸಲ ಮಾಡುವುದು ಜಾಣತನದಂತೆ ಕಾಣುತ್ತದೆ. ತೆರವನ್ನು ಒಟ್ಟುಗೂಡಿಸುವುದರಲ್ಲಿ ತಪ್ಪಿಲ್ಲ. ಬಹಳ ಕಡೆ ಬಳಕೆಯಲ್ಲಿರುವ ಲಿನಕ್ಸ್ ಕರ್ನಲ್ ಕೂಡ ಹಾಗೆಯೇ ಮಾಡುತ್ತದೆ, ಆದರೆ ಬಿಡುಗಡೆಯಾಗಬೇಕಾದ ಪೇಜುಗಳನ್ನು ಅದು ಒಂದು ಪಟ್ಟಿಯಲ್ಲಿ ಕೂಡಿಟ್ಟುಕೊಂಡು, ತೆರವು ಮುಗಿದ ಮೇಲೆಯೇ ಅವನ್ನು ಬಿಡುತ್ತದೆ. ನಿಮ್ಮ ಸಹೋದ್ಯೋಗಿಯ ಕೋಡಿನಲ್ಲಿ ಅಂಥ ಪಟ್ಟಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಉಳಿದದ್ದನ್ನು ಓದುವ ಮೊದಲೇ ಆ ಪ್ರಶ್ನೆಯನ್ನು ಕೇಳಿ.

ಈ ಒಂದು ಅಂಶದ ಮೇಲೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಹಳ ವರ್ಷಗಳ ಹಿಂದೆ, ನಾನು ಆಗ ಕೆಲಸದಲ್ಲಿದ್ದ ಕಂಪನಿಯೊಂದರಲ್ಲಿ, ಇಂಥದೇ ಒಂದು ಬದಲಾವಣೆಗೆ ನಾನು ಒಪ್ಪಿಗೆ ಕೊಟ್ಟೆ. ಎರಡು ಸಾಲುಗಳು ಅದಲುಬದಲಾಗಿದ್ದವು. ಬಿಡುಗಡೆ ಮೇಲೆ, ತೆರವು ಕೆಳಗೆ. ನಮ್ಮ ಮೇಜಿನ ಮೇಲಿದ್ದ ಬೋರ್ಡಿಗೆ ಒಂದೇ ಕೋರ್ ಇದ್ದುದರಿಂದ ಅಲ್ಲಿ ಏನೂ ಕಾಣಲಿಲ್ಲ. ಗ್ರಾಹಕರ ಬಳಿ ಇದ್ದದ್ದು ನಾಲ್ಕು ಕೋರಿನದು. ಕೆಲವು ವಾರಗಳ ನಂತರ ಅವರ ಯಂತ್ರದ ಲಾಗ್ ಫೈಲಿನ ನಡುವೆ ಸಂಬಂಧವೇ ಇಲ್ಲದ ಇನ್ನೊಂದು ಪ್ರೋಗ್ರಾಮಿನ ಅಕ್ಷರಗಳು ಕಾಣಿಸಿಕೊಳ್ಳತೊಡಗಿದವು. ಡಿಸ್ಕ್ ಹಾಳಾಗಿದೆ ಎಂದು ಡಿಸ್ಕ್ ಬದಲಿಸಿದರು, ಕೇಬಲ್ ಬದಲಿಸಿದರು. ಆ ಎರಡು ಸಾಲುಗಳ ಬಳಿಗೆ ನಾವು ಬರುವಷ್ಟರಲ್ಲಿ ತಿಂಗಳೊಂದು ಕಳೆದಿತ್ತು, ಮತ್ತು ಆ ಪುಟದ ಕೆಳಗೆ ಓದಿದವರ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು.

ತೆರವಿಗಾಗಿ ಕಾಯುವ ಜಾಗದಲ್ಲಿ ಇನ್ನೊಂದು ಅಪಾಯವಿದೆ. ಒಂದು ಕೋರ್ ಉಳಿದ ಕೋರ್‌ಗಳಿಗೆ ಇಂಟರಪ್ಟ್ (ಕೈಯಲ್ಲಿರುವ ಕೆಲಸ ನಿಲ್ಲಿಸಿ ಇದನ್ನು ನೋಡು ಎಂಬ ಸಂಕೇತ) ಕಳಿಸಿ ತೆರವು ಮಾಡಿಸುವ ಪ್ರೊಸೆಸರುಗಳಲ್ಲಿ, ಕಾಯುತ್ತಿರುವ ಕೋರ್ ತನ್ನ ಇಂಟರಪ್ಟ್‌ಗಳನ್ನೇ ಮುಚ್ಚಿಕೊಂಡಿದ್ದರೆ, ಅದೇ ಹೊತ್ತಿಗೆ ಅದರ ಉತ್ತರಕ್ಕಾಗಿ ಇನ್ನೊಂದು ಕೋರ್ ಹಾಗೆಯೇ ಕಾಯುತ್ತಿದ್ದರೆ, ಇಬ್ಬರೂ ಶಾಶ್ವತವಾಗಿ ಕಾಯುತ್ತಾರೆ. ಹೊಸ ಫಂಕ್ಷನ್ ಯಾವ ಲಾಕ್ (ಒಂದು ಸಲಕ್ಕೆ ಒಬ್ಬರನ್ನೇ ಒಳಬಿಡುವ ಬೀಗ) ಹಿಡಿದುಕೊಂಡು ಈ ಹೆಜ್ಜೆಗೆ ಬರುತ್ತದೆ, ಆ ಲಾಕ್ ಇಂಟರಪ್ಟ್‌ಗಳನ್ನು ಮುಚ್ಚುವಂಥದ್ದೇ ಎಂದು ನೋಡಿ. ಹಳೆಯ ಮೂರು ಫಂಕ್ಷನ್‌ಗಳನ್ನು ಕರೆಯುತ್ತಿದ್ದವರು ಒಂದೊಂದು ಬಗೆಯ ಲಾಕ್ ಹಿಡಿದಿರುತ್ತಿದ್ದರೆ, ಈಗ ಎಲ್ಲರೂ ಒಂದೇ ಬಾಗಿಲಿಗೆ ಬರುತ್ತಾರೆ ಎಂಬುದನ್ನು ಮರೆಯಬೇಡಿ. ಬದಲಾದ ಅರವತ್ತು ಸಾಲುಗಳಲ್ಲಿ ಈ ಉತ್ತರ ಸಿಗುವುದಿಲ್ಲ. ಕರೆಯುವ ಪ್ರತಿಯೊಂದು ಜಾಗಕ್ಕೂ ಹೋಗಿ ನೋಡಿಬರಬೇಕು.

ಇನ್ನು ಅರ್ಧದಲ್ಲಿ ಸೋಲುವ ದಾರಿ. ಹತ್ತು ಪೇಜುಗಳನ್ನು ಮ್ಯಾಪ್ ಮಾಡಲು ಹೊರಟು ಏಳನೆಯದರಲ್ಲಿ ಮೆಮೊರಿ ಮುಗಿಯಿತು ಎಂದುಕೊಳ್ಳಿ. ಆಗ ಬಿಚ್ಚಬೇಕಾದದ್ದು ಆರನ್ನು. ಏಳನ್ನೂ ಅಲ್ಲ, ಹತ್ತನ್ನೂ ಅಲ್ಲ. ಪೆನ್ಸಿಲ್ ಹಿಡಿದು ಹತ್ತು ಚೌಕಗಳನ್ನು ಬರೆದು, ಲೂಪಿನ ಎಣಿಕೆಯನ್ನು ಒಂದೊಂದಾಗಿ ಗುರುತು ಹಾಕುತ್ತ ಹೋಗಿ. ನಾನು ಈಗಲೂ ಇಂಥ ಬದಲಾವಣೆಗಳನ್ನು ಹಾಸನದ ನಮ್ಮ ಮನೆಯ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಪಕ್ಕದಲ್ಲಿ ಚೌಕಗಳನ್ನು ಬರೆದುಕೊಂಡೇ ಓದುತ್ತೇನೆ. ಪರದೆಯ ಮೇಲೆ ಕಣ್ಣು, ಬದಲಾದದ್ದೆಂದು ಬಣ್ಣ ಹಾಕಿ ತೋರಿಸಿದ ಹಸಿರು ಸಾಲಿನಿಂದ ಹಸಿರು ಸಾಲಿಗೆ ಜಿಗಿಯುತ್ತದೆ. ಕಾಗದದ ಮೇಲೆ ಬದಲಾಗದ ಸಾಲನ್ನೂ ಓದುತ್ತದೆ.

ಬಿಚ್ಚುವುದು ಎಂದೂ ಸೋಲುವುದಿಲ್ಲ ಎಂಬ ನಂಬಿಕೆಯೊಂದು ಅನೇಕರಲ್ಲಿದೆ. ಅದು ನಿಜವಲ್ಲ, ಮತ್ತು ಇದನ್ನು ನಿಮ್ಮ ತಂದೆಯವರು ಬೇಗ ಒಪ್ಪುತ್ತಾರೆ. ಒಂದು ಸರ್ವೆ ನಂಬರಿನ ನಟ್ಟನಡುವಿನ ಎರಡು ಎಕರೆಯನ್ನು ಮಾರಿದರೆ ಆಚೆಗೊಂದು ಈಚೆಗೊಂದು ತುಂಡು ಉಳಿಯುತ್ತದೆ. ಪೋಡಿ ಮಾಡಿಸಿ ಹೊಸ ಹಿಸ್ಸಾ ನಂಬರ್ ಕೊಡಿಸಬೇಕಾಗುತ್ತದೆ. ಮ್ಯಾಪ್ ಆಗಿರುವ ವ್ಯಾಪ್ತಿಯೊಂದರ ನಡುವಿನ ಭಾಗವನ್ನು ಅನ್‌ಮ್ಯಾಪ್ ಮಾಡಿದಾಗಲೂ ಒಂದು ದಾಖಲೆ ಎರಡಾಗಬೇಕು, ಎರಡನೆಯ ದಾಖಲೆಗೆ ಹೊಸದಾಗಿ ಮೆಮೊರಿ ಬೇಕು, ಮತ್ತು ಆ ಮೆಮೊರಿ ಸಿಗದೇ ಹೋಗಬಹುದು. ಲಿನಕ್ಸಿನಲ್ಲಿ ಒಂದು ಪ್ರೋಗ್ರಾಮಿಗೆ ಇಂಥ ದಾಖಲೆಗಳ ಗರಿಷ್ಠ ಸಂಖ್ಯೆ ಸಹಜ ಸ್ಥಿತಿಯಲ್ಲಿ 65,530. ಆ ಮಿತಿಯ ಅಂಚಿನಲ್ಲಿರುವ ಪ್ರೋಗ್ರಾಮಿಗೆ ಅನ್‌ಮ್ಯಾಪ್ ಕೂಡ ‘ಮೆಮೊರಿ ಇಲ್ಲ’ ಎಂಬ ಉತ್ತರ ಕೊಡುತ್ತದೆ. ನಿಮ್ಮ ಹೊಸ ಫಂಕ್ಷನ್ ಅನ್‌ಮ್ಯಾಪ್‌ನ ಫಲಿತಾಂಶವನ್ನು ನೋಡದೆ ಮುಂದೆ ಹೋಗುತ್ತಿದ್ದರೆ ಅಲ್ಲೊಂದು ಗುರುತು ಹಾಕಿ. ಹೊಸ ದಾಖಲೆಗೆ ಬೇಕಾದ ಮೆಮೊರಿಯನ್ನು ನಮೂದುಗಳನ್ನು ಅಳಿಸಲು ತೊಡಗುವ ಮೊದಲೇ ಪಡೆದುಕೊಂಡರೆ, ಸೋಲುವುದಾದರೂ ಏನೂ ಕೆಡದೆ ಸೋಲಬಹುದು.

ಈಗ ಗಡಿಯ ಲೆಕ್ಕ. ಬಾಂದು ಕಲ್ಲು ಯಾರ ಪಾಲಿಗೆ ಸೇರಿದ್ದು ಎಂಬ ಜಗಳ ಇಲ್ಲಿಯೂ ಇದೆ. ವ್ಯಾಪ್ತಿಯ ‘ಕೊನೆ’ ಎಂದರೆ ಅದರ ಒಳಗಿನ ಕಡೆಯ ಬೈಟೋ, ಅದನ್ನು ದಾಟಿದ ಮೊದಲ ಬೈಟೋ? ಲಿನಕ್ಸ್‌ನಂಥ ಪಳಗಿದ ಕರ್ನಲ್‌ನೊಳಗೇ ಎರಡೂ ಪದ್ಧತಿಗಳಿವೆ: ಪ್ರೋಗ್ರಾಮಿನ ವ್ಯಾಪ್ತಿಗಳನ್ನು ಹೇಳುವ ದಾಖಲೆಯಲ್ಲಿ ಕೊನೆ ಹೊರಗಿನದು, ಸಾಧನಗಳ ವಿಳಾಸಗಳನ್ನು ಹೇಳುವ ದಾಖಲೆಯಲ್ಲಿ ಕೊನೆ ಒಳಗಿನದು. ಆದ್ದರಿಂದಲೇ ಮೊದಲನೆಯದರ ಉದ್ದಕ್ಕೆ ಕೊನೆಯಿಂದ ಆರಂಭವನ್ನು ಕಳೆದರೆ ಸಾಕು, ಎರಡನೆಯದಕ್ಕೆ ಒಂದನ್ನು ಕೂಡಿಸಬೇಕು. ಮೂರು ಫಂಕ್ಷನ್‌ಗಳನ್ನು ಸೇರಿಸಿದವರು ಮೂರಕ್ಕೂ ಒಂದೇ ಪದ್ಧತಿ ಇತ್ತೆಂದು ಭಾವಿಸಿದ್ದಾರೆಯೇ ಎಂದು ಪರೀಕ್ಷಿಸಿ.

ಉದ್ದವನ್ನು ಪೂರ್ತಿ ಪೇಜುಗಳಿಗೆ ಏರಿಸುವ ಜಾಗವನ್ನೂ ಹತ್ತಿರದಿಂದ ನೋಡೋಣ. ಯಾರಾದರೂ 4,097 ಬೈಟು ಕೇಳಿದರೆ ಲೈಬ್ರರಿ ಅದನ್ನು ಎರಡು ಪೇಜಿಗೆ, 8,192ಕ್ಕೆ ಏರಿಸುತ್ತದೆ. ಏರಿಸುವ ಕ್ರಮವೆಂದರೆ 4,095 ಕೂಡಿಸಿ, ಕೆಳಗಿನ ಹನ್ನೆರಡು ಬಿಟ್ಟುಗಳನ್ನು ಸೊನ್ನೆ ಮಾಡುವುದು. 32 ಬಿಟ್ಟಿನ ಯಂತ್ರದಲ್ಲಿ ಒಬ್ಬರು ಬೇಕೆಂದೇ 4,294,963,201 ಬೈಟು ಕೇಳಿದರೆ ಏನಾಗುತ್ತದೆ? ಅದಕ್ಕೆ 4,095 ಕೂಡಿಸಿದರೆ ಸರಿಯಾಗಿ 4,294,967,296 ಆಗುತ್ತದೆ. ಆ ಸಂಖ್ಯೆ 32 ಬಿಟ್ಟಿನಲ್ಲಿ ಹಿಡಿಸುವುದಿಲ್ಲ, ಕೈಯಲ್ಲಿ ಉಳಿಯುವುದು ಸೊನ್ನೆ. ಉದ್ದ ಸೊನ್ನೆಯಾದ ವ್ಯಾಪ್ತಿ ಎಲ್ಲ ಮಿತಿಗಳ ಒಳಗೂ ಇರುತ್ತದೆ, ಎಲ್ಲ ತಪಾಸಣೆಗಳನ್ನೂ ದಾಟುತ್ತದೆ. ಲಿನಕ್ಸ್ ಇಲ್ಲಿ ಉದ್ದ ಸೊನ್ನೆಯೇ ಎಂದು ಎರಡು ಸಲ ಕೇಳುತ್ತದೆ: ಏರಿಸುವ ಮೊದಲೊಮ್ಮೆ, ಏರಿಸಿದ ಮೇಲೊಮ್ಮೆ. ‘ಇದು ಎರಡೆರಡು ಸಲ ಏಕೆ’ ಎಂದು ಒಂದನ್ನು ತೆಗೆದುಹಾಕುವ ಬದಲಾವಣೆ ನಿಮ್ಮ ಮುಂದೆ ಬಂದರೆ, ಅದನ್ನು ಒಪ್ಪಬೇಡಿ. ಹಾಗೆಯೇ ‘ಆರಂಭ ಕೂಡಿಸು ಉದ್ದ, ಮಿತಿಗಿಂತ ಹೆಚ್ಚೇ’ ಎಂದು ಕೇಳುವ ಸಾಲು ಕಂಡರೆ, ‘ಉದ್ದ, ಮಿತಿಯಿಂದ ಆರಂಭವನ್ನು ಕಳೆದುದಕ್ಕಿಂತ ಹೆಚ್ಚೇ’ ಎಂದು ತಿದ್ದಲು ಹೇಳಿ. ಆರಂಭ ಎಂಬುದು ಮಿತಿಯೊಳಗೇ ಇದೆ ಎಂದು ಅದಕ್ಕೂ ಮುಂಚೆ ಖಚಿತಪಡಿಸಿಕೊಂಡಿದ್ದರೆ ಎರಡನೆಯ ರೂಪದಲ್ಲಿ ಸಂಖ್ಯೆ ಉಕ್ಕಿ ಹರಿಯುವುದಿಲ್ಲ.

4096 ಎಂದು ಅಂಕಿಯಲ್ಲೇ ಬರೆದ ಕಡೆಯೂ ನಿಲ್ಲಿ. 64 ಬಿಟ್ಟಿನ ಆರ್ಮ್ ಪ್ರೊಸೆಸರುಗಳು 4, 16 ಮತ್ತು 64 ಕಿಲೋಬೈಟಿನ ಪೇಜುಗಳಿಗೆ ಅವಕಾಶ ಕೊಡುತ್ತವೆ, ಅಲ್ಲಿ ಆ ಅಂಕಿ ತಪ್ಪಾಗಬಹುದು.

ನಿಮ್ಮ ಕರ್ನಲ್ ದೊಡ್ಡ ಪೇಜುಗಳನ್ನು ಬಳಸುತ್ತಿದ್ದರೆ ಇನ್ನೊಂದು ಮುಖ್ಯ ಜಾಗವಿದೆ. ನಾಲ್ಕು ಹಂತದ ಟೇಬಲಿನಲ್ಲಿ ಮೂರನೆಯ ಹಂತದ ನಮೂದು ಸಾಮಾನ್ಯವಾಗಿ ನಾಲ್ಕನೆಯ ಹಂತದ ಹಾಳೆಯ ಕಡೆಗೆ ಬೆರಳು ತೋರಿಸುತ್ತದೆ. ಆದರೆ ಅದೇ ನಮೂದು ಕೆಲವೊಮ್ಮೆ ತಾನೇ 2 ಮೆಗಾಬೈಟಿನ ಒಂದು ಇಡೀ ತುಂಡಾಗಿರುತ್ತದೆ. ಎರಡನ್ನೂ ಬೇರ್ಪಡಿಸುವುದು ಒಂದೇ ಒಂದು ಬಿಟ್. ಟೇಬಲಿನ ಮೇಲೆ ನಡೆಯುವ ಹೊಸ ಫಂಕ್ಷನ್ ಆ ಬಿಟ್ಟನ್ನು ನೋಡದೆ ಕೆಳಗಿಳಿದರೆ, ಬಳಕೆದಾರರ ಸ್ವಂತ ಮಾಹಿತಿಯನ್ನೇ ಪೇಜ್ ಟೇಬಲ್ ಎಂದು ಓದತೊಡಗುತ್ತದೆ, ಅಲ್ಲಿ ಬರೆಯಲೂ ತೊಡಗುತ್ತದೆ. ಹಳೆಯ ಮೂರು ಫಂಕ್ಷನ್‌ಗಳಲ್ಲಿ ಎರಡು ಮಾತ್ರ ಈ ತಪಾಸಣೆ ಮಾಡುತ್ತಿದ್ದು, ಸೇರಿಸಿದವರು ಮೂರನೆಯದನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದರೆ ಎಂಬ ಭಯ ನನಗಿದೆ. ದೊಡ್ಡ ತುಂಡಿನ ಒಂದು ಭಾಗವನ್ನಷ್ಟೇ ಬಿಚ್ಚಬೇಕಾದರೆ ಮೊದಲು ಅದನ್ನು 512 ಸಣ್ಣ ಪೇಜುಗಳಾಗಿ ಒಡೆಯಬೇಕು, ಅದಕ್ಕೂ ಮೆಮೊರಿ ಬೇಕು.

ಕೊನೆಗೆ, ತೆಗೆದುಹಾಕಿದ ಸಾಲುಗಳ ಹಿಂದಿನ ಕತೆ ಓದಿ. ಜಮೀನು ಕೊಳ್ಳುವವರು ಇಸಿ ತೆಗೆಸಿ ಹಿಂದಿನ ಋಣಭಾರ ನೋಡುವಂತೆ, ಆ ಸಾಲನ್ನು ಯಾರು, ಯಾವ ತೊಂದರೆಗಾಗಿ ಸೇರಿಸಿದ್ದರು ಎಂದು ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನ ಇತಿಹಾಸದಲ್ಲಿ ನೋಡಿ. ಲಿನಕ್ಸಿನ ‘ಡರ್ಟಿ ಕೌ’ ಎಂಬ ಕುಖ್ಯಾತ ದೋಷ ಇದಕ್ಕೆ ದೊಡ್ಡ ಉದಾಹರಣೆ. ಓದಲು ಮಾತ್ರ ಹಕ್ಕಿರುವ ಫೈಲಿನ ಮ್ಯಾಪಿಂಗಿಗೆ ಬರೆಯಲು ಹೋದಾಗ ಕರ್ನಲ್ ಮೊದಲು ಖಾಸಗಿ ಪ್ರತಿಯೊಂದನ್ನು ಮಾಡಿಕೊಡಬೇಕು. ಆ ಪ್ರತಿ ಮಾಡುವುದಕ್ಕೂ ಅದರಲ್ಲಿ ಬರೆಯುವುದಕ್ಕೂ ನಡುವಿನ ಸಣ್ಣ ಅವಕಾಶದಲ್ಲಿ ಇನ್ನೊಂದು ಥ್ರೆಡ್ (ಅದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೆ ಓಡುವ ಇನ್ನೊಂದು ಎಳೆ) ಆ ಪ್ರತಿಯನ್ನು ಬಿಸಾಡಿಸಿದರೆ, ಬರಹ ಮೂಲ ಫೈಲಿಗೇ ಹೋಗಿ ಬೀಳುತ್ತಿತ್ತು. ಸಾಮಾನ್ಯ ಬಳಕೆದಾರರೊಬ್ಬರು ಇದರಿಂದ ಇಡೀ ಯಂತ್ರದ ಒಡೆತನ ಪಡೆಯಬಹುದಾಗಿತ್ತು. ಈ ರೂಪದಲ್ಲಿ 2007ರ 2.6.22 ಆವೃತ್ತಿಯಿಂದ ಇದ್ದ ದೋಷ 2016ರ ಅಕ್ಟೋಬರಿನಲ್ಲಿ ಸರಿಯಾಯಿತು. ಸರಿಪಡಿಸಿದ ಲೀನಸ್ ಟೊರ್ವಾಲ್ಡ್ಸ್ ಆ ಬದಲಾವಣೆಯ ಟಿಪ್ಪಣಿಯಲ್ಲೇ ಬರೆದಿದ್ದಾರೆ: ಇದೇ ಹಳೆಯ ತೊಡಕನ್ನು ತಾವು ಹನ್ನೊಂದು ವರ್ಷಗಳ ಹಿಂದೆಯೇ ಸರಿಪಡಿಸಲು ಯತ್ನಿಸಿದ್ದರು, ಮತ್ತು ಎಸ್390 ಎಂಬ ಯಂತ್ರಗಳಲ್ಲಿ ಅದರಿಂದ ಬೇರೆ ತೊಂದರೆಯಾದ್ದರಿಂದ ಆ ತಿದ್ದುಪಡಿಯನ್ನು ಹಿಂತೆಗೆಯಲಾಗಿತ್ತು. ಒಂದು ತಿದ್ದುಪಡಿಯನ್ನು ತೆಗೆದಾಗ ಅದು ಕಾಯುತ್ತಿದ್ದ ಬಾಗಿಲನ್ನು ಇನ್ನು ಯಾರು ಕಾಯುತ್ತಾರೆ ಎಂಬ ಪ್ರಶ್ನೆಯನ್ನು ಓದುವವರು ಕೇಳಲೇಬೇಕು.

ಪ್ರಶ್ನೆ: ನಾನು ಹಾಸನದಲ್ಲಿ ಎಂಜಿನಿಯರಿಂಗ್ ಅಂತಿಮ ವರ್ಷದಲ್ಲಿದ್ದೇನೆ. ಕಾಫಿ ಕಣದ ತೇವಾಂಶ ಅಳೆಯುವ ಬೋರ್ಡಿಗೆ ನಾವು ಲಿನಕ್ಸ್ ಡ್ರೈವರ್ ಬರೆದಿದ್ದೇವೆ. ಅಳತೆಗಳಿರುವ ನೂರು ಬೈಟಿನ ಬಫರನ್ನು ಎಂಮ್ಯಾಪ್ ಎಂಬ ಮ್ಯಾಪಿಂಗ್ ಕರೆಯ ಮೂಲಕ ಪ್ರೋಗ್ರಾಮಿಗೆ ಓದಲು ಮಾತ್ರ ಕೊಡುತ್ತೇವೆ; ಬರೆಯುವ ಹಕ್ಕು ಕೇಳಿದರೆ ನಿರಾಕರಿಸುತ್ತೇವೆ. ಗೆಳೆಯನೊಬ್ಬ ಓದಿ ‘ಸರಿಯಿದೆ’ ಎಂದ. ತಾವು ಏನಾದರೂ ಹೇಳುವಿರಾ?
— ಒಬ್ಬ ವಿದ್ಯಾರ್ಥಿ, ಸಾಲಗಾಮೆ ರಸ್ತೆ, ಹಾಸನ

ಉತ್ತರ: ನೀವು ಕಳಿಸಿದ ಪುಟಗಳನ್ನು ಓದಿದೆ. ಅಚ್ಚುಕಟ್ಟಾಗಿ ಬರೆದಿದ್ದೀರಿ, ಆದರೆ ಮೂರು ಕಡೆ ತಿದ್ದಬೇಕು.

ನೂರು ಬೈಟು ಕೊಡುತ್ತೇವೆ ಎಂದಿದ್ದೀರಿ, ಕೊಡುತ್ತಿರುವುದು 4,096. ಮ್ಯಾಪಿಂಗ್ ನಡೆಯುವುದು ಇಡೀ ಪೇಜಿನ ಲೆಕ್ಕದಲ್ಲಿ, ಆದ್ದರಿಂದ ನಿಮ್ಮ ಬಫರಿನ ಅಕ್ಕಪಕ್ಕದ 3,996 ಬೈಟುಗಳೂ ಓದುವವರ ಕೈಗೆ ಹೋಗುತ್ತವೆ. ಕರ್ನಲ್‌ನೊಳಗೆ ಮೆಮೊರಿ ಹಂಚುವ ಕೆ-ಮ್ಯಾಲಕ್‌ನಿಂದ ಪಡೆದ ಸಣ್ಣ ಬಫರಿನ ಪಕ್ಕದಲ್ಲಿ ಕರ್ನಲ್‌ನ ಇನ್ಯಾವುದೋ ಭಾಗದ ಮಾಹಿತಿ ಇರಬಹುದು. ಒಂದು ಇಡೀ ಪೇಜನ್ನೇ ಪಡೆದು, ಪೂರ್ತಿ ಸೊನ್ನೆ ತುಂಬಿ, ಅದರಲ್ಲಿ ನೂರು ಬೈಟು ಬಳಸಿ.

ಎರಡನೆಯದು ಹಕ್ಕಿನ ವಿಚಾರ. ಮ್ಯಾಪ್ ಮಾಡುವಾಗ ಬರೆಯುವ ಹಕ್ಕು ಕೇಳಿದವರನ್ನು ನಿರಾಕರಿಸಿದರಷ್ಟೇ ಸಾಲದು. ಸಾಧನವನ್ನು ಓದಲು-ಬರೆಯಲು ಎರಡಕ್ಕೂ ತೆರೆದ ಪ್ರೋಗ್ರಾಮ್ ಮೊದಲು ಓದಲು ಮಾತ್ರ ಮ್ಯಾಪ್ ಮಾಡಿಸಿಕೊಂಡು, ಆಮೇಲೆ ಎಂಪ್ರೊಟೆಕ್ಟ್ ಎಂಬ ಕರೆಯಿಂದ ಬರೆಯುವ ಹಕ್ಕನ್ನೂ ಪಡೆಯಬಹುದು. ಈಗ ಬರೆಯಬಹುದು ಎಂಬ ಗುರುತು ಒಂದು, ಮುಂದೆ ಬರೆಯಲು ಅವಕಾಶ ಕೇಳಬಹುದು ಎಂಬ ಗುರುತು ಇನ್ನೊಂದು. ‘ಮೇ-ರೈಟ್’ ಎಂಬ ಆ ಎರಡನೆಯ ಗುರುತನ್ನೂ ನಿಮ್ಮ ಡ್ರೈವರ್ ಅಳಿಸಬೇಕು.

ಮೂರನೆಯದು ಎಣಿಕೆ. ಎಷ್ಟು ಮ್ಯಾಪಿಂಗ್‌ಗಳು ಜೀವಂತವಾಗಿವೆ ಎಂದು ಎಣಿಸಲು ನೀವು ಓಪನ್ ಮತ್ತು ಕ್ಲೋಸ್ ಎಂಬ ಎರಡು ಕರೆಗಳನ್ನು ಬಳಸಿದ್ದೀರಿ. ಮೊದಲ ಸಲ ಎಂಮ್ಯಾಪ್ ಆದಾಗ ಕರ್ನಲ್ ಓಪನ್ ಅನ್ನು ಕರೆಯುವುದಿಲ್ಲ. ಫೋರ್ಕ್ ಆದಾಗ (ಪ್ರೋಗ್ರಾಮ್ ತನ್ನದೇ ಪ್ರತಿಯೊಂದನ್ನು ಹುಟ್ಟಿಸಿದಾಗ), ವ್ಯಾಪ್ತಿ ಎರಡಾದಾಗ ಕರೆಯುತ್ತದೆ. ಕ್ಲೋಸ್ ಅನ್ನು ಮಾತ್ರ ಪ್ರತಿಯೊಂದಕ್ಕೂ ಕರೆಯುತ್ತದೆ. ಹೀಗಾಗಿ ನಿಮ್ಮ ಎಣಿಕೆ ಒಂದು ಕಡಿಮೆಯಿಂದ ಶುರುವಾಗಿ, ಇನ್ನೂ ಒಬ್ಬರು ಓದುತ್ತಿರುವಾಗಲೇ ಬಫರನ್ನು ಬಿಟ್ಟುಬಿಡುತ್ತದೆ. ನಿಮ್ಮ ಎಂಮ್ಯಾಪ್ ಫಂಕ್ಷನ್ನಿನ ಕೊನೆಯಲ್ಲಿ ನೀವೇ ಒಮ್ಮೆ ಎಣಿಕೆ ಹೆಚ್ಚಿಸಿ. ಆಮೇಲೆ ಫೋರ್ಕ್ ಮಾಡಿ ತಂದೆ ಪ್ರಕ್ರಿಯೆಯನ್ನು ಮೊದಲು ಮುಗಿಸುವ ಒಂದು ಪುಟ್ಟ ಪರೀಕ್ಷೆ ಬರೆದು, ಕೆಸಾನ್ ಎಂಬ ತಪಾಸಣಾ ಸೌಲಭ್ಯವನ್ನು ಹಾಕಿಕೊಂಡ ಕರ್ನಲ್‌ನಲ್ಲಿ ಓಡಿಸಿ ನೋಡಿ.

ನಿಮ್ಮ ಗೆಳೆಯನನ್ನು ದೂರಬೇಡಿ. ಈ ಮೂರರಲ್ಲಿ ಒಂದೂ ನೀವು ಬರೆದ ಸಾಲುಗಳಲ್ಲಿ ಕಾಣುವುದಿಲ್ಲ. ಬರೆಯದೇ ಬಿಟ್ಟ ಸಾಲುಗಳಲ್ಲಿ ಇವೆ.

ಪ್ರಶ್ನೆ: ನಾನು ತಂಡಕ್ಕೆ ಹೊಸಬ. ಹದಿನೈದು ವರ್ಷ ಅನುಭವವಿರುವ ಹಿರಿಯರು ಮ್ಯಾಪಿಂಗ್ ಕೋಡ್ ಬದಲಿಸಿ ನನಗೆ ಓದಲು ಕೊಟ್ಟಿದ್ದಾರೆ. ಒಂದು ಕಡೆ ತಪ್ಪಿದೆ ಎಂದು ನನಗೆ ಅನಿಸುತ್ತಿದೆ. ಅವರಿಗೆ ಹೇಗೆ ಹೇಳಲಿ? ಹೇಳದೆ ಒಪ್ಪಿಗೆ ಕೊಟ್ಟುಬಿಡಲೇ?
— ಒಬ್ಬ ಓದುಗರು, ಸಕಲೇಶಪುರ

ಉತ್ತರ: ಹೇಳದೆ ಒಪ್ಪಿಗೆ ಕೊಡಬೇಡಿ. ಲಿನಕ್ಸ್ ಬಳಗದಲ್ಲಿ ‘ರಿವ್ಯೂಡ್-ಬೈ’ ಎಂದು ಹೆಸರು ಹಾಕುವುದಕ್ಕೆ ಬರಹದಲ್ಲಿರುವ ಅರ್ಥವೇ ಬೇರೆ: ನಾನು ಇದನ್ನು ತಾಂತ್ರಿಕವಾಗಿ ಪರಿಶೀಲಿಸಿದ್ದೇನೆ, ನನಗಿದ್ದ ಪ್ರಶ್ನೆಗಳನ್ನು ಬರೆದವರಿಗೆ ತಿಳಿಸಿದ್ದೇನೆ, ಅವುಗಳಿಗೆ ಸಿಕ್ಕ ಉತ್ತರ ನನಗೆ ತೃಪ್ತಿ ತಂದಿದೆ ಎಂದು. ನಿಮ್ಮ ಕಂಪನಿಯಲ್ಲಿ ಹೀಗೆ ಬರೆದಿಟ್ಟಿರದಿದ್ದರೂ ಹೆಸರಿನ ಅರ್ಥ ಅದೇ.

ಹಿರಿಯರಿಗೆ ಹೇಳುವಾಗ ‘ತಪ್ಪು’ ಎಂಬ ಮಾತನ್ನೂ ಬಳಸಬೇಕಾಗಿಲ್ಲ, ‘ನನಗೆ ಅಷ್ಟು ಗೊತ್ತಿಲ್ಲ ಸರ್, ಆದರೂ’ ಎಂಬ ಪೀಠಿಕೆಯೂ ಬೇಡ. ಅಂಕಿ ಕೊಟ್ಟು ಕೇಳಿ. ನಿಮ್ಮ ಪತ್ರದ ಜೊತೆಗಿದ್ದ ತುಣುಕನ್ನು ನೋಡಿದರೆ ನಿಮ್ಮ ಅನುಮಾನ ನಿಜವೆಂದೇ ನನಗೂ ಕಾಣುತ್ತದೆ: ಅಲ್ಲಿ ಮ್ಯಾಪಿಂಗ್ ಸೋತಾಗ ಆ ಫಂಕ್ಷನ್ ದೋಷದ ಸಂಖ್ಯೆಯನ್ನೇ ವಿಳಾಸದ ರೂಪದಲ್ಲಿ ಹಿಂತಿರುಗಿಸುತ್ತದೆ, ಕರೆದವರು ಮಾತ್ರ ಅದು ಸೊನ್ನೆಯೇ ಎಂದಷ್ಟೇ ನೋಡುತ್ತಾರೆ. ಬಳಕೆದಾರರ ಕಡೆಯ ಎಂಮ್ಯಾಪ್ ಕೂಡ ಸೋತಾಗ ಸೊನ್ನೆಯನ್ನು ಕೊಡುವುದಿಲ್ಲ, ಮೈನಸ್ ಒಂದನ್ನು ಕೊಡುತ್ತದೆ; ಈ ಗೊಂದಲ ಅನುಭವಸ್ಥರನ್ನೂ ಬಿಟ್ಟಿಲ್ಲ. ಆದ್ದರಿಂದ ಆ ಸಾಲಿನ ಎದುರು ಇಷ್ಟು ಬರೆಯಿರಿ: ‘ಸರ್, ಮೆಮೊರಿ ಸಿಗದೆ ಈ ಕರೆ ಮೈನಸ್ ಹನ್ನೆರಡನ್ನು ಹಿಂತಿರುಗಿಸಿದರೆ ಮುಂದಿನ ಸಾಲಿನ ಸೊನ್ನೆಯ ತಪಾಸಣೆ ಅದನ್ನು ಹಿಡಿಯುತ್ತದೆಯೇ? ಹಿಡಿಯದಿದ್ದರೆ ಅದರ ಕೆಳಗಿನ ಸಾಲು ಆ ವಿಳಾಸಕ್ಕೆ ಬರೆಯಲು ಹೋಗುತ್ತದೆ ಎಂದು ನನಗೆ ಕಾಣುತ್ತಿದೆ. ಮೆಮೊರಿ ಕೊಡದಂತೆ ಮಾಡಿ ಓಡಿಸಿ ನೋಡಿದ ಫಲಿತಾಂಶವನ್ನು ಜೊತೆಗಿಟ್ಟಿದ್ದೇನೆ.’ ಕಳಿಸುವ ಮೊದಲು ಹಾಗೆ ಓಡಿಸಿ ನೋಡಿ.